ಅವರಿವರ ಹೆರಿಗೆ ರಜೆ, ನನ್ನ ನೌಕರಿ

ಕೆಲಸ ಹುಡುಕಿಕೊಂಡು ಹೊರಟವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಎರಡು ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟವಳಿಗಂತೂ ಏನೂ ಆಗದ ದಿನವೇ ಅಪರೂಪ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ನಂಜನಗೂಡಿನಲ್ಲಿದ್ದೆವು. ನಮ್ಮ ಮನೆಯವರು ನಂಜನಗೂಡಿನಿಂದ ಟಿ. ನರಸೀಪುರದ ಮೇಲೆ ಮೂಗೂರಿಗೆ ಹೋಗಿ ಬರುವ ಒಂದು ಖಾಸಗಿ ಬಸ್ಸಿಗೆ ಕಂಡಕ್ಟರು. ಮಗಳು ಮೂರನೇ ಕ್ಲಾಸು, ಮಗ ಒಂದನೇ ಕ್ಲಾಸು. ಮದುವೆಗೆ ಮುಂಚೆ ನಾನು ಟಿ.ಸಿ.ಎಚ್. ಮಾಡಿ ಒಂದು ವರ್ಷ ಪಾಠ ಹೇಳಿದ್ದೆ. ಆಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು. ಅದನ್ನು ಹೊರಗೆ ತೆಗೆಯಬೇಕಾಗಿ ಬಂದದ್ದು ಬಸ್ಸಿನ ಓನರು ಈ ರೂಟು ಇವತ್ತೋ ನಾಳೆಯೋ ಸರ್ಕಾರದ ಬಸ್ಸಿಗೆ ಹೋಗುತ್ತದೆ ಎಂದು ಹೇಳಿದ ದಿನ. ಬಸ್ಸು ನಿಂತರೆ ನಮ್ಮ ಮನೆಯ ಒಲೆಯೂ ನಿಂತ ಹಾಗೆ. ಆ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ.

ಆದರೆ ನನಗೆ ಎಂಥ ಕೆಲಸವಾದರೂ ಆಗುವ ಹಾಗಿರಲಿಲ್ಲ. ಊರಿನಲ್ಲಿ ನಮಗೆ ನೆಂಟರಿಷ್ಟರು ಯಾರೂ ಇಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ಮಕ್ಕಳನ್ನು ಐದು ಗಂಟೆಯವರೆಗೆ ಮಾತ್ರ ನೋಡಿಕೊಳ್ಳಲು ಒಪ್ಪಿದರು. ಐದಕ್ಕೆ ಸರಿಯಾಗಿ ಅವರು ದೇವಸ್ಥಾನಕ್ಕೆ ಹೊರಡುವವರು. "ದೇವರನ್ನ ಕಾಯಿಸಕ್ಕಾಗಲ್ಲ ಕಣೇ, ನಿನ್ನ ಮಕ್ಕಳನ್ನ ಜಗಲಿ ಮೇಲೆ ಬಿಟ್ಟು ಹೋಗ್ತೀನಿ" ಅಂದಿದ್ದರು. ಹಾಗಾಗಿ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಶುರುವಾಗಿ ಐದರೊಳಗೆ ಮುಗಿಯುವ, ಮಕ್ಕಳಿಗೆ ರಜೆ ಬಂದಾಗ ತಾನೂ ರಜೆ ಕೊಡುವ ಕೆಲಸ ನನಗೆ ಬೇಕಿತ್ತು. ಅಂಥ ಕೆಲಸ ಎಲ್ಲಾದರೂ ಇದ್ದರೆ ತಾವೇ ಹೋಗಿ ಸೇರುವುದಾಗಿ ನಮ್ಮ ಮನೆಯವರು ಹೇಳಿದರು.

ದೊಡ್ಡ ಮಗ

ಮೊದಲು ಹೋದದ್ದು ಕವಲಂದೆ ಕಡೆಯ ಒಂದು ಶಾಲೆಗೆ. ಚಿಕ್ಕ ಮಕ್ಕಳಿವೆ ಅಂದರೆ ಬಾಗಿಲಲ್ಲೇ ಕಳಿಸಿಬಿಡುತ್ತಾರೆ ಎಂದು ಅಜ್ಜಿ ಹೆದರಿಸಿ ಕಳಿಸಿದ್ದರು. ರೈಲಿನಲ್ಲಿ ದಾರಿಯುದ್ದಕ್ಕೂ ಏನು ಹೇಳುವುದೆಂದು ಉರು ಹೊಡೆದುಕೊಂಡೆ. ಹೆಡ್‌ಮಾಸ್ಟರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ನಾನು ಕೂರುವ ಮೊದಲೇ ಮಕ್ಕಳ ವಿಚಾರ ಕೇಳಿದರು.

ಇದ್ದಾರೆ, ದೊಡ್ಡವರಾಗಿದ್ದಾರೆ, ಅವರ ಕೆಲಸ ಅವರೇ ಮಾಡಿಕೊಳ್ಳುತ್ತಾರೆ ಎಂದೆ. ಅವರು ತಲೆಯಾಡಿಸಿ ಸರ್ಟಿಫಿಕೇಟು ಕೇಳಿದರು. ಕೊಟ್ಟೆ. ಮುಂದಿನ ಭಾಗ ಓದಿದರು, ಸೀಲು ನೋಡಿದರು, ಆಮೇಲೆ ಹಿಂದೆ ತಿರುಗಿಸಿದರು. ತಿರುಗಿಸಿದವರು ಬಹಳ ಹೊತ್ತು ನೋಡುತ್ತಲೇ ಇದ್ದರು.

ಹಿಂದಿನ ರಾತ್ರಿ ನಾನು ಅಡುಗೆಮನೆಯಲ್ಲಿದ್ದಾಗ ಮಗ ಅದನ್ನು ಎತ್ತಿಕೊಂಡು, ಹಿಂಭಾಗ ಖಾಲಿ ಇದೆಯಲ್ಲ ಎಂದು ಪೆನ್ಸಿಲಿನಲ್ಲಿ ಅ, ಆ, ಇ, ಈ ಬರೆದಿದ್ದ. ಹೆಡ್‌ಮಾಸ್ಟರು ಕನ್ನಡಕ ಇಳಿಸಿ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿದರು. ನಾನು ನೆಲ ನೋಡುತ್ತಾ ನಿಂತೆ.

ಕೊನೆಗೆ ಅವರು ಸರ್ಟಿಫಿಕೇಟನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಕಾಯಂ ಕೆಲಸ ಯಾವ ಶಾಲೆಯಲ್ಲೂ ಇಲ್ಲ, ಯಾರಾದರೂ ಟೀಚರು ಹೆರಿಗೆ ರಜೆ ಹಾಕಿದರೆ ಆ ಮೂರು ತಿಂಗಳಿಗೆ ಬದಲಿಯವರನ್ನು ತಗೊಳ್ಳುತ್ತಾರೆ, ಅಂಥ ಕಡೆ ಹುಡುಕಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕರೆದರು.

"ನಿಮ್ಮ ದೊಡ್ಡ ಮಗ ಈಗಿನ್ನೂ ‘ಈ’ ತನಕ ಬಂದಿದಾನೆ ಕಣಮ್ಮ. ಅವನು ‘ಳ’ ಮುಟ್ಟೋ ಹೊತ್ತಿಗೆ ನಮ್ಮಲ್ಲೂ ಯಾರಾದರೂ ರಜೆ ಹಾಕಬಹುದು, ನೋಡೋಣ."

ನಿಂಬೆಹಣ್ಣು

ಅಂದಿನಿಂದ ನನ್ನ ಅನ್ನ ಬೇರೆ ಹೆಂಗಸರ ಹೊಟ್ಟೆಯಲ್ಲಿದೆ ಎಂಬುದು ಗೊತ್ತಾಯಿತು. ಆ ವಿಚಾರ ನೆನೆದರೆ ಈಗಲೂ ನಾಚಿಕೆ. ಮಾರ್ಕೆಟ್ಟಿನಲ್ಲಿ ಯಾರಾದರೂ ಟೀಚರು ಹುಣಿಸೆಹಣ್ಣು ಕೊಂಡರೆ ಅವರ ಹಿಂದೆಯೇ ನಾಲ್ಕು ಹೆಜ್ಜೆ ಹೋಗುತ್ತಿದ್ದೆ. ನಮ್ಮ ಮನೆಯವರಿಗೂ ಕೆಲಸ ಹಚ್ಚಿದೆ. ಅವರ ಬಸ್ಸಿನಲ್ಲಿ ದಿನಾ ನಾಲ್ಕಾರು ಟೀಚರುಗಳು ಓಡಾಡುತ್ತಿದ್ದರು. ಯಾರು ಹೇಗಿದ್ದಾರೆ ಎಂದು ನೋಡಿಕೊಂಡು ಬಂದು ರಾತ್ರಿ ಊಟಕ್ಕೆ ಕೂತಾಗ ವರದಿ ಒಪ್ಪಿಸುತ್ತಿದ್ದರು.

ಒಂದು ರಾತ್ರಿ ತಟ್ಟೆಗೆ ಕೈ ಹಾಕುವ ಮುಂಚೆಯೇ ಹೇಳಿದರು. "ಮೂಗೂರಿನಿಂದ ಹತ್ತೋ ಟೀಚರು ಇವತ್ತು ಕಿಟಕಿ ಪಕ್ಕ ಕೂತು ನಿಂಬೆಹಣ್ಣು ಮೂಸ್ತಾ ಇದ್ರು ಕಣೇ. ಗುಂಡಿ ಬಂದಾಗೆಲ್ಲಾ ಡ್ರೈವರಿಗೆ ನಿಧಾನ ನಿಧಾನ ಅಂತಿದ್ರು."

ಆ ಟೀಚರು ಕೆಲಸ ಮಾಡುತ್ತಿದ್ದುದು ನಂಜನಗೂಡಿಗೆ ಬರುವ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ. ನಮಗೆ ಅರ್ಧ ಗಂಟೆಯ ಹಾದಿ. ಬೇರೆ ಯಾರಾದರೂ ಮುಂಚೆ ಹೋಗಿಬಿಟ್ಟರೆ ಎಂದು ನನಗೆ ದಿಗಿಲು. ಬೆಳಗಾಗುತ್ತಲೇ ಅರ್ಜಿ ಬರೆದುಕೊಂಡು ಓಡಿದೆ. ಅಲ್ಲಿಯ ಹೆಡ್‌ಮಾಸ್ಟರು ಏನು ಬಂದರೂ ಗಟ್ಟಿಯಾಗಿ ಓದುವವರು. ಸ್ಟಾಫ್ ರೂಮಿನ ಮಧ್ಯೆ ನಿಂತು ಓದಿದರು: "ತಮ್ಮ ಶಾಲೆಯ ಸಹಶಿಕ್ಷಕಿಯವರು ಹೆರಿಗೆ ರಜೆಯ ಮೇಲೆ ತೆರಳಲಿರುವುದರಿಂದ..."

ಕೋಣೆಯಲ್ಲಿದ್ದ ಹೆಂಗಸು ಆ ಟೀಚರು ಒಬ್ಬರೇ. ಕೈಯಲ್ಲಿ ಚಾಕ್‌ಪೀಸಿನ ಡಬ್ಬಿ ಹಿಡಿದುಕೊಂಡಿದ್ದರು. ಎಲ್ಲ ಮೇಷ್ಟ್ರುಗಳೂ ಅವರ ಕಡೆ ತಿರುಗಿದರು. ಹೆಡ್‌ಮಾಸ್ಟರು ಅಭಿನಂದನೆ ಹೇಳಿದರು. ಒಬ್ಬರು ಜವಾನನನ್ನು ಕರೆದು ಸಕ್ಕರೆ ತರಿಸಿದರು. ನಾನು ಎಲ್ಲಿ ಹೋಗಿ ಬೀಳಲಿ ಎಂದು ಬಾಗಿಲು ಹುಡುಕುತ್ತಿದ್ದೆ.

ಆ ಟೀಚರು ಹತ್ತಿರ ಬಂದು ಮೆಲ್ಲಗೆ ನನ್ನ ಕೈ ಹಿಡಿದರು. "ಅಕ್ಕ, ನಮ್ಮ ಯಜಮಾನರಿಗೆ ಭಾನುವಾರ ಹೇಳೋಣ ಅಂತಿದ್ದೆ. ಈಗ ಅವರಿಗಿಂತ ಮೊದಲು ನಮ್ಮ ಜವಾನನಿಗೆ ಗೊತ್ತಾಯ್ತು."

ಬಸ್ಸಿನ ಗಂಟೆ

ಏನೇ ಆಗಲಿ, ಐದಾರು ತಿಂಗಳ ಮೇಲೆ ಅವರು ರಜೆ ಹಾಕಿದಾಗ ಆ ಕೆಲಸ ನನಗೇ ಸಿಕ್ಕಿತು. ಸಿಕ್ಕಿದ ಮೇಲೆ ಭಯ ಇಮ್ಮಡಿಯಾಯಿತು. ನಾಲ್ಕೂಕಾಲಿಗೆ ಶಾಲೆಯ ಮುಂದೆ ಬರುವ ನಮ್ಮ ಮನೆಯವರ ಬಸ್ಸು ಹಿಡಿದರೆ ಐದಕ್ಕೆ ಹತ್ತು ನಿಮಿಷ ಇರುವಾಗ ಮನೆ. ತಪ್ಪಿದರೆ ಮುಂದಿನದು ಆರಕ್ಕೆ. ನಾಲ್ಕು ಗಂಟೆಯಾದರೆ ಸಾಕು, ಬೋರ್ಡಿನ ಮೇಲೆ ಭಾಗಾಕಾರ, ಕಣ್ಣೆದುರು ಜಗಲಿಯ ಮೇಲೆ ಕೂತ ನನ್ನ ಮಕ್ಕಳು.

ಒಂದು ದಿನ ಹೆಡ್‌ಮಾಸ್ಟರು ಕೊನೆಯ ಪಿರಿಯಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ ಶಿಸ್ತಿನ ಬಗ್ಗೆ ಭಾಷಣಕ್ಕೆ ನಿಂತರು. ನಾಲ್ಕೂಕಾಲು ದಾಟಿತು. ಹೊರಗೆ ಹಾರ್ನ್ ಕೇಳಿಸಿತು. ಆಮೇಲೆ ನಮ್ಮ ಮನೆಯವರ ಸೀಟಿ. ಎದ್ದು ಹೋಗುವ ಧೈರ್ಯ ನನಗಿಲ್ಲ, ನನ್ನನ್ನು ಬಿಟ್ಟು ಹೊರಡುವ ಧೈರ್ಯ ಅವರಿಗಿಲ್ಲ. ಹತ್ತು ನಿಮಿಷವಾಯಿತು. ಭಾಷಣ ವೇಳೆಯ ಬೆಲೆಗೆ ಬಂದಿತ್ತು. ಆಗ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಯಜಮಾನ ನೇರವಾಗಿ ಮಕ್ಕಳ ಸಾಲಿನ ನಡುವೆ ನಡೆದು ಬಂದ. ಬಸ್ಸಿನಲ್ಲಿ ಕೂತಿದ್ದವನು.

"ಸಾ, ಒಸಿ ನಿಲ್ಸಿ ಸಾ" ಎಂದು ಹೆಡ್‌ಮಾಸ್ಟರಿಗೆ ಕೈ ಮುಗಿದು ನನ್ನ ಕಡೆ ತಿರುಗಿದ. "ಬಾ ಕಣವ್ವ, ನಿನ್ ಗಂಡ ಬಸ್ ಬುಡ್ತಾ ಇಲ್ಲ. ಅಲ್ಲಿ ನಮ್ ಎಮ್ಮೆ ಆಲು ಕರೆಯೋ ಒತ್ತಾಯ್ತು, ಅದು ನಿನ್ ಗಂಡನ್ ಮಾತ್ ಕೇಳಕಿಲ್ಲ."

ಮುನ್ನೂರು ಮಕ್ಕಳು ನಕ್ಕರು. ನಾನು ಅಳುತ್ತಾ ಬಸ್ಸು ಹತ್ತಿದೆ. ನಾಳೆಯಿಂದ ಕೆಲಸ ಇಲ್ಲ ಎಂದೇ ಲೆಕ್ಕ ಹಾಕಿದ್ದೆ. ಮನೆಗೆ ಬಂದಾಗ ಐದು ದಾಟಿತ್ತು. ಅಜ್ಜಿ ಜಗಲಿಯ ಮೇಲೆ ಎರಡು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದರು. ನನ್ನನ್ನು ನೋಡಿದ್ದೇ ಹಣ್ಣುಕಾಯಿ ತಟ್ಟೆ ಎತ್ತಿಕೊಂಡು ಹೊರಟರು.

ಮಾರನೆಯ ದಿನ ಹೆಡ್‌ಮಾಸ್ಟರು ಜವಾನನನ್ನು ಕರೆದು, ಇನ್ನು ಮೇಲೆ ಸಂಜೆಯ ಬೆಲ್ಲು ಗಡಿಯಾರ ನೋಡಿ ಹೊಡೆಯಬೇಡ, ಹಾರ್ನ್ ಕೇಳಿ ಹೊಡಿ ಎಂದು ಆರ್ಡರು ಮಾಡಿದರು.

ಗೇಟಿನ ಹತ್ತಿರ

ಮೂರು ತಿಂಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಮತ್ತೆ ಹುಡುಕಾಟ, ಮತ್ತೆ ನಿಂಬೆಹಣ್ಣಿನ ವರದಿ. ಎರಡು ವರ್ಷದಲ್ಲಿ ನಾಲ್ಕು ಶಾಲೆ, ನಾಲ್ಕು ಹೆರಿಗೆ ರಜೆ ಆಯಿತು. ರಜೆಯ ಸುದ್ದಿ ಕೇಳಿ ನಾನು ಹೋಗುತ್ತಿದ್ದೆ. ಆದರೆ ಜನ ಅದನ್ನು ತಿರುಗಾಮುರುಗಾ ಮಾಡಿಕೊಂಡರು. ಈಯಮ್ಮ ಅರ್ಜಿ ಹಿಡಿದುಕೊಂಡು ಶಾಲೆ ಮೆಟ್ಟಿಲು ಹತ್ತಿದರೆ ಅಲ್ಲಿ ಯಾರಾದರೂ ಒಬ್ಬರು ಬಸುರಿಯಾಗುತ್ತಾರೆ ಎಂಬ ಮಾತು ಬಸ್ಸಿನಲ್ಲಿ ಹುಟ್ಟಿ ತಾಲ್ಲೂಕೆಲ್ಲಾ ಓಡಾಡಿತು. ನನಗೆ ಅರ್ಜಿಯಮ್ಮ ಎಂದು ಹೆಸರೂ ಬಿತ್ತು.

ಇದು ಗೊತ್ತಿಲ್ಲದೆ ಹೆಮ್ಮಿಗೆ ಕಡೆಯ ಒಂದು ಶಾಲೆಗೆ ಹೋದೆ. ದೂರ ಬಹಳ, ಆದರೂ ಬೇರೆ ಗತಿ ಇರಲಿಲ್ಲ. ನಾನು ಗೇಟು ತೆಗೆಯುವ ಹೊತ್ತಿಗೆ ಹೆಡ್‌ಮಾಸ್ಟರು ಒಳಗಿನಿಂದ ಎರಡೂ ಕೈ ಚಾಚಿಕೊಂಡು ಓಡಿ ಬಂದರು. "ಅಲ್ಲೇ ಇರಿ ತಾಯಿ. ಅರ್ಜಿ ಅಲ್ಲಿಂದಲೇ ಕೊಡಿ. ಪರೀಕ್ಷೆ ಹತ್ತಿರ ಬಂದಿದೆ, ನಮ್ಮಲ್ಲಿ ಇರೋದೇ ಇಬ್ಬರು ಹೆಣ್ಣುಮಕ್ಕಳು."

ಅವರ ಹಿಂದೆ ಆ ಇಬ್ಬರೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬರಿಗೆ ರಿಟೈರ್ ಆಗಲು ಎರಡೇ ವರ್ಷ ಉಳಿದಿತ್ತು.

ರಸಬಾಳೆ

ಅದೇ ವರ್ಷ ಬೇಸಿಗೆಯಲ್ಲಿ ಹೆದರಿದ್ದು ಬಂದೇ ಬಂತು. ರೂಟು ಹೋಯಿತು, ಓನರು ಬಸ್ಸು ಮಾರಿದ, ನಮ್ಮ ಮನೆಯವರು ಸೀಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಕೂತರು. ಶಾಲೆಗಳಿಗೆ ರಜೆ, ನನಗೂ ಕೆಲಸವಿಲ್ಲ. ಜೂನ್ ಬಂದರೂ ಎಲ್ಲೂ ಯಾರೂ ರಜೆ ಹಾಕುವ ಸುದ್ದಿ ಇಲ್ಲ. ಮಗಳಿಗೆ ಹೊಸ ಯೂನಿಫಾರಂ ಬೇಕಿತ್ತು. ಹಳೆಯದರ ಮಡಿಕೆ ಬಿಚ್ಚಿ ಉದ್ದ ಮಾಡಿದೆ.

ಒಂದು ಭಾನುವಾರ ಬೆಳಿಗ್ಗೆ ಟಿ. ನರಸೀಪುರದಿಂದ ಇಬ್ಬರು ಬಂದರು. ಒಬ್ಬರು ಅಲ್ಲಿಯ ಶಾಲೆಯ ಟೀಚರು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಇನ್ನೊಬ್ಬರು ಅವರ ಅತ್ತೆ, ಮಡಿಲಲ್ಲಿ ಒಂದು ಚಿಪ್ಪು ರಸಬಾಳೆ, ಮೇಲೆ ಮಲ್ಲಿಗೆ. ಅದನ್ನು ನನ್ನ ಮುಂದಿಟ್ಟು, ತಮ್ಮ ಸೊಸೆಯ ಶಾಲೆಗೂ ಬಂದು ಒಂದು ಅರ್ಜಿ ಕೊಡಬೇಕೆಂದು ಕೇಳಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದೆಲ್ಲಾ ಸುಳ್ಳು, ಸುದ್ದಿ ತರುತ್ತಿದ್ದುದು ನನ್ನ ಗಂಡ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟೀಚರು ತಲೆ ತಗ್ಗಿಸಿ ಕೂತಿದ್ದರು. ಓದಿದವರು, ಇದು ಅವರಿಗೂ ಗೊತ್ತು. ಆದರೂ ಬಂದಿದ್ದರು. ಅತ್ತೆ ಮಾತ್ರ ಅಲುಗಾಡಲಿಲ್ಲ. "ನೀನು ಸುಮ್ಕೆ ಬಂದು ಕೊಟ್ಬುಡವ್ವ. ಮಿಕ್ಕಿದ್ದು ದ್ಯಾವ್ರು ನೋಡ್ಕತಾನೆ" ಅಂದರು.

ಹೋದೆ. ಅದುವರೆಗೆ ಬೇರೆಯವರ ಹೊಟ್ಟೆಯನ್ನು ನನ್ನ ಹೊಟ್ಟೆಪಾಡಿಗಾಗಿ ನೋಡಿದವಳು, ಆ ದಿನ ಮೊದಲ ಸಲ ಆ ಹೆಂಗಸಿಗಾಗಿ ಬೇಡಿಕೊಂಡೆ. ಟೀಚರೇ ಅರ್ಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಹೆಡ್‌ಮಾಸ್ಟರಿಗೆ ಕೊಟ್ಟರು.

ದೀಪಾವಳಿ ಕಳೆದ ಮೇಲೆ ಒಂದು ಕಾರ್ಡು ಬಂತು. ಟೀಚರು ಹೆರಿಗೆ ರಜೆ ಹಾಕಿದ್ದಾರೆ, ಸಂಕ್ರಾಂತಿಯಿಂದ ಕೆಲಸಕ್ಕೆ ಬನ್ನಿ ಎಂದು ಹೆಡ್‌ಮಾಸ್ಟರು ಬರೆದಿದ್ದರು. ನಾನು ಕಾರ್ಡು ಹಿಡಿದುಕೊಂಡು ಅತ್ತುಬಿಟ್ಟೆ. ಯಾರಿಗಾಗಿ ಅತ್ತೆನೋ ನನಗೇ ತಿಳಿಯಲಿಲ್ಲ.

ಹೋಗಿ ಸೇರಿದ ದಿನವೇ ಶಾಲೆಯ ಕಾರ್ಯದರ್ಶಿಗಳು ಕರೆಸಿದರು. ರೈಸ್ ಮಿಲ್ಲಿನ ಯಜಮಾನರು, ಮುಖದಲ್ಲಿ ಗೆಲುವಿರಲಿಲ್ಲ. ಸುದ್ದಿ ಹಬ್ಬಿ ಸುತ್ತಮುತ್ತಲ ಊರಿನ ಮನೆಗಳಿಂದ ಜನ ನನಗಾಗಿ ಬರುತ್ತಿದ್ದಾರೆ, ಅಕ್ಕಪಕ್ಕದ ಹೆಡ್‌ಮಾಸ್ಟರುಗಳೆಲ್ಲಾ ಬಂದು ಈಯಮ್ಮನನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಿ ಎಂದು ಕೈ ಮುಗಿದಿದ್ದಾರೆ ಎಂದು ಹೇಳಿ, ನನಗೆ ಒಂದು ಆರ್ಡರು ಕೊಟ್ಟರು. ಕಾಯಂ ಕೆಲಸ. ಬೆಳಿಗ್ಗೆ ಹತ್ತೂವರೆಯಿಂದ ಮೂರರವರೆಗೆ ಮಾತ್ರ. ಶಾಲೆಗೆ ರಜೆ ಇದ್ದಾಗ ನನಗೂ ರಜೆ. ನಾನು ಮೂರು ವರ್ಷದಿಂದ ಕಂಡ ಕನಸು ಟೈಪ್ ಆಗಿ ನನ್ನ ಕೈಯಲ್ಲಿತ್ತು. ಕೆಳಗೆ ಒಂದೇ ಒಂದು ಷರತ್ತು: ಸದರಿಯವರು ಇನ್ನು ಮುಂದೆ ಬೇರೆ ಯಾವ ಶಾಲೆಗೂ ಅರ್ಜಿ ಸಲ್ಲಿಸತಕ್ಕದ್ದಲ್ಲ.

ಮಳೆಗಾಲದ ಹೊತ್ತಿಗೆ ನಮ್ಮ ಮನೆಯವರಿಗೂ ಇನ್ನೊಂದು ಬಸ್ಸು ಸಿಕ್ಕಿತು. ಸೀಟಿ ಮೊಳೆಯಿಂದ ಇಳಿಯಿತು. ನಾನು ನಾಲ್ಕಕ್ಕೆಲ್ಲಾ ಮನೆಯಲ್ಲಿರುತ್ತಿದ್ದೆ. ಅಜ್ಜಿ ನಿಶ್ಚಿಂತೆಯಾಗಿ ದೇವಸ್ಥಾನಕ್ಕೆ ಹೋಗುತ್ತಿದ್ದರು.

ಎರಡು ವರ್ಷ ಕಳೆಯಿತು. ಒಂದು ಭಾನುವಾರ ಅದೇ ಅತ್ತೆ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಡಿಲಲ್ಲಿ ರಸಬಾಳೆ ಕಟ್ಟಿಕೊಂಡು ಬಂದರು. ಇದು ಗಂಡಾಯಿತು, ಇನ್ನೊಂದು ಹೆಣ್ಣಾಗಲಿ, ಒಂದು ಅರ್ಜಿ ಬರೆದುಕೊಡು ಎಂದು ಕೂತರು. ನಾನು ಗಾಬರಿಯಿಂದ ಟ್ರಂಕು ತೆಗೆದು ಆರ್ಡರು ತೋರಿಸಿ, ಇನ್ನೊಂದು ಅರ್ಜಿ ಬರೆದರೆ ನನ್ನ ಕೆಲಸ ಹೋಗುತ್ತದೆ ಎಂದು ವಿವರಿಸಿದೆ.

ಅವರು ಆರ್ಡರನ್ನು ತಲೆಕೆಳಗಾಗಿ ಹಿಡಿದು ನೋಡಿ, ಮಡಿಸಿ ನನ್ನ ಕೈಗೇ ಕೊಟ್ಟರು.

"ಒಸಾದು ಬರೀಬ್ಯಾಡ ಬುಡವ್ವ, ನಿನ್ ಕೆಲಸ ಕಳಿಯಾಕೆ ನಾನ್ಯಾಕೆ ಬರ್ಲಿ. ಆ ಹಳೇ ಅರ್ಜೀದು ನಕಲು ಇದ್ರೆ ಕೊಡು, ಒಂದು ವಾರ ಸೊಸೆ ತಲೆದಿಂಬಿನ ಕೆಳಗೆ ಮಡಗಿ ವಾಪಸ್ ತಂದ್ಕೊಡ್ತೀನಿ."