ಹೊಗೆ ಕುಡಿದ ಎದೆಗೆ ಫ್ಲೂ ಸೂಜಿ

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ನಾನು ಗುಮಾಸ್ತ. ನಾನು ಬಾಯಿ ಬಿಟ್ಟಾಗಲೆಲ್ಲ ಅಲ್ಲೊಂದು ಫಜೀತಿ ಹುಟ್ಟುತ್ತದೆ. ಈಗ ಹೇಳುವುದರಲ್ಲಿ ಮುಕ್ಕಾಲು ಖರೆ, ಉಳಿದದ್ದು ಇನ್ನೂ ಖರೆ.

೧. ಗೋದಾಮಿನ ಶಾಸ್ತ್ರ

ನಮ್ಮ ಹಮಾಲರ ಮೇಸ್ತ್ರಿ ನನ್ನ ಅಕ್ಕನ ಗಂಡ. ಹೋದ ವರ್ಷ ಫ್ಲೂ ಬಂದು ಎಂಟು ದಿನ ಆಕ್ಸಿಜನ್ ಮೇಲಿದ್ದ. ಈ ಸಲ ಮಾಲೀಕರು ಫ್ಲೂ ಬಾರದಂತೆ ಎಲ್ಲರಿಗೂ ಸೂಜಿ ಮಾಡಲು ನರ್ಸಮ್ಮನನ್ನು ಮಿಲ್ಲಿಗೇ ಕರೆಸಿದರು. ಬೀಡಿ ಮುಟ್ಟದವರೆಲ್ಲ ಸಾಲಾಗಿ ನಿಂತರು. ಸೇದುವ ಹನ್ನೆರಡು ಜನ ಮೇಸ್ತ್ರಿಯ ಜೊತೆ ಗೇಟಿನಾಚೆ, ಬೇವಿನ ಮರದಡಿ.

"ಮಾಮಾ, ಬರ್ರಿ. ನಿಮಗೇ ಮೊದಲು ಬೇಕು," ಅಂದೆ ಮೇಸ್ತ್ರಿಗೆ.

"ಗೋದಾಮಿಗೆ ಹೊಗಿ ಹಾಕಿದ್ರ ಹುಳ ಉಳಿತಾವೇನೋ? ನನ್ನ ಎದಿಗೆ ನಾ ದಿನಾ ಎರಡು ಕಟ್ಟು ಹಾಕ್ತೀನಿ!"

"ಹೋದ ವರ್ಷ ಹುಳ ಹೆಂಗ ಹೊಕ್ಕವ್ರಿ?"

"ಆ ವಾರ ಬೀಡಿ ಕಮ್ಮಿ ಸೇದಿದ್ದೆ."

೨. ನನ್ನ ಜಾಣತನ

ನಗಿಸಲಿಕ್ಕೆಂದು ಒಂದು ಮಾತು ಬಿಟ್ಟೆ: "ಛಲೋ ಆತು ಬಿಡ್ರಿ. ಸೂಜಿ ಮಾಡಿಸಿ ಬೀಡಿ ಸೇದಿದ್ರ ತೋಳಿನ ತೂತಿನಿಂದ ಹೊಗಿ ಬರ್ತೈತಂತ."

ಯಾರೂ ನಗಲಿಲ್ಲ. ಹನ್ನೆರಡೂ ಜನ ತೋಳು ಮುಚ್ಚಿಕೊಂಡರು.

ಅಷ್ಟರಲ್ಲಿ ಅಕ್ಕ ಬುತ್ತಿ ಹಿಡಿದು ಬಂದಳು. "ಸೂಜಿ ಆತೇನು? ಮತ್ತ ಅದೇ ಜಡ್ಡು ಬಂದ್ರ ಇವರನ್ನ ಉಳಿಸೂದು ಕಷ್ಟ ಅಂದಾರ ಡಾಕ್ಟರು."

ನರ್ಸಮ್ಮ ಐಸ್ ಡಬ್ಬಿ ಮುಚ್ಚತೊಡಗಿದ್ದಳು. "ಬೀಡಿ ಸೇದೂ ಎದಿಗೇ ಇದು ಮೊದಲು ಬೇಕು, ಅವರೇ ಓಡ್ಯಾರ! ಹತ್ತು ನಿಮಿಷ ನೋಡ್ತೀನಿ, ಆಮ್ಯಾಲ ಹೊಂಟೆ."

ಮೇಸ್ತ್ರಿ ಮೊದಲ ಚೀಲ ಎತ್ತದೆ ನಮ್ಮ ಹಮಾಲರು ಚೀಲ ಮುಟ್ಟುವುದಿಲ್ಲ. ಸೂಜಿಗೂ ಆ ಹನ್ನೆರಡು ಜನರದು ಅದೇ ಕಾನೂನು. ಹುಟ್ಟಿದಾಗಿನಿಂದ ನನ್ನ ಮಾತು ಯಾರೂ ನಂಬಿಲ್ಲ. ನಂಬಬಾರದ ದಿನವೇ ನಂಬಿದರು.

೩. ತೋಳಿನ ಪರೀಕ್ಷೆ

"ಸುಳ್ಳು ಹೇಳಿದೆ, ಮಾಮಾ."

"ಯಾವುದು ಸುಳ್ಳು? ಆಗಿಂದೋ, ಈಗಿಂದೋ?"

ಬೇರೆ ದಾರಿ ಇರಲಿಲ್ಲ. ಓಡಿಹೋಗಿ ನಾನೇ ಸೂಜಿ ಮಾಡಿಸಿಕೊಂಡು ಬಂದೆ. ಮಾಮಾ ಬೀಡಿ ಹಚ್ಚಿ ಕೊಟ್ಟ. ಅಷ್ಟೂ ತಲೆಗಳು ನನ್ನ ತೋಳಿನ ಮೇಲೆ ಬಾಗಿದವು. ಒಂದು ದಮ್ಮು ಎಳೆದೆ.

"ಪೂರಾ ಸೇದು," ಅಂದ ಮಾಮಾ. ಸೇದಿದೆ. "ಇನ್ನೊಂದು." ಅದೂ ಆಯಿತು. ಮೂರನೆಯದೂ ಮುಗಿಯಿತು. ಬಂದ ಹೊಗೆಯೆಲ್ಲ ಮೂಗಿನಿಂದಲೇ.

ಮಾಮಾ ಅಂಗಿಯ ತೋಳು ಮಡಚುತ್ತ ನರ್ಸಮ್ಮನ ಮುಂದೆ ಹೋಗಿ ಕುಂತ. ಹಿಂದೆಯೇ ಹನ್ನೆರಡು ಜನ.

ಸೂಜಿ ಹೊಕ್ಕಿದ್ದನ್ನು ಕಣ್ಣಾರೆ ಕಂಡು ಅಕ್ಕ ನಿಟ್ಟುಸಿರು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೀಡಿ ಬಿಟ್ಟು ಐದು ವರ್ಷ ಆತು ಅಂತ ನನ್ನ ತಲಿ ಮುಟ್ಟಿ ಆಣಿ ಮಾಡಿದ್ದಿ. ಈಗ ಮೂರು ಸೇದಿದಿಯಲ್ಲ, ಒಂದು ಸಲನೂ ಕೆಮ್ಮಲಿಲ್ಲ ಯಾಕೋ?"

ಅಷ್ಟು ಹೊತ್ತು ಬಾರದ ಕೆಮ್ಮು ಆಗ ಬಂತು.