ಬಂದೂಕಿಗೆ ಚಾಳೀಸು ಇರಕೂಡದು

ಚಿಂತೆ ಮನುಷ್ಯನೊಳಗೆ ಕಣ್ಣಿನಿಂದ ಬರುತ್ತದೆಯೋ ಕಿವಿಯಿಂದ ಬರುತ್ತದೆಯೋ ಎಂದು ಯಾರಾದರೂ ಕೇಳಿದರೆ, ಕಿವಿಯಿಂದಲೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಓದಿದ ಸುದ್ದಿಗೆ ಕೊನೆಯಲ್ಲಿ ಒಂದು ಚುಕ್ಕೆಯಾದರೂ ಇರುತ್ತದೆ. ಕೇಳಿದ ಸುದ್ದಿಗೆ ಅದೂ ಇರುವುದಿಲ್ಲ. ಈ ವಿಷಯದಲ್ಲಿ ನನ್ನದು ನಲವತ್ತೇಳು ವರ್ಷಗಳ ಅನುಭವ. ಹುಟ್ಟಿದಾಗ ನಾನು ಅಳಲಿಲ್ಲವಂತೆ, ಹುಬ್ಬು ಗಂಟಿಕ್ಕಿ ಸುಮ್ಮನೆ ಮಾಡಿನ ಕಡೆ ನೋಡುತ್ತಿದ್ದೆನಂತೆ. ಸೂಲಗಿತ್ತಿ, “ಇದು ಏನೋ ವಿಚಾರ ಮಾಡಾಕತ್ತದ್ರೆವ್ವಾ” ಅಂದಳಂತೆ. ಆ ವಿಚಾರ ಇನ್ನೂ ಮುಗಿದಿಲ್ಲ.

ನಮ್ಮ ನಿಜಾಮನ ಸೀಮೆ ಹಿಂದೂಸ್ತಾನದಲ್ಲಿ ವಿಲೀನವಾದ ಮೇಲಿನ ವರ್ಷಗಳವು. ನಾನು ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದ ಕೈಯನ್ನು ಎಡದಿಂದ ಬಲಕ್ಕೆ ಹೊರಳಿಸುವುದೆಂದರೆ ನೊಗಕ್ಕೆ ಕಟ್ಟಿದ ಎತ್ತನ್ನು ಹಿಂದಕ್ಕೆ ನಡೆಸಿದ ಹಾಗೆ. ಎತ್ತು ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಒಂದು ಸುತ್ತೋಲೆ ಬಂತು. ಕನ್ನಡ, ಇಂಗ್ಲಿಷಿನ ಹೊಸ ಕಾಗದ ಓದಲು ತಡವರಿಸುವ ಹಳೆಯ ನೌಕರರನ್ನೂ, ದೇಹಸ್ಥಿತಿ ನೆಟ್ಟಗಿಲ್ಲದವರನ್ನೂ ಮನೆಗೆ ಕಳಿಸುತ್ತಾರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನಾನು ಅದನ್ನು ಓದಲಿಲ್ಲ, ಓದಿದವರ ಬಾಯಿಂದ ಕೇಳಿದೆ. ನನ್ನ ಪ್ರತಿ ಮಡಚಿ ಮನೆಯ ಪೆಟ್ಟಿಗೆಯ ತಳ ಸೇರಿತ್ತು. ಓದಲು ಧೈರ್ಯ ಇರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಯಾರಿಗೂ ಹೇಳುವಂಥದ್ದಲ್ಲ: ಹತ್ತಿರದ ಅಕ್ಷರ ನನಗೆ ಕಾಣುತ್ತಿರಲಿಲ್ಲ. ಗುಡ್ಡದ ಮೇಲೆ ಮೇಯುವ ಮೇಕೆಯ ಕೊಂಬು ಕಾಣುತ್ತಿತ್ತು, ಕೈಯಲ್ಲಿರುವ ಅರ್ಜಿ ಯಾರದೆಂದು ಕಾಣುತ್ತಿರಲಿಲ್ಲ. ಓದಲು ಬಾರದು ಅಂದರೂ ಮನೆಗೆ, ಕಣ್ಣು ಕಾಣದು ಅಂದರೂ ಮನೆಗೆ. ಪಕ್ಕದ ಮೇಜಿನವರಿಗೆ, “ನೀವೇ ಓದ್ರಿ, ನಿಮ್ಮ ದನಿ ಭಾಳ ಚೆಂದ” ಎಂದು ಹೇಳಿ ದಿನ ನೂಕುತ್ತಿದ್ದೆ. ಪಾಪ, ಆ ಮನುಷ್ಯ ಅದನ್ನು ನಂಬಿ ಮನೆಯಲ್ಲಿ ಹಾಡಲು ಶುರು ಮಾಡಿದ್ದ.

“ಒಂದು ಚಾಳೀಸು ತಗೊಂಡು ಹಾಕ್ಕೋಬಾರದೇನ್ರಿ?” ಎಂದು ನನ್ನ ಹೆಂಡತಿ ಗಂಗಮ್ಮ ದಿನಾ ಕೇಳುತ್ತಿದ್ದಳು. ಕೇಳಲು ಅವಳಿಗೆ ಕಾರಣವಿತ್ತು. ಒಂದು ಭಾನುವಾರ ಜೋಳ ಹಸನು ಮಾಡಲು ಕೊಟ್ಟರೆ ನಾನು ಹರಳನ್ನು ಮೊರದಲ್ಲಿ ಉಳಿಸಿ ಜೋಳವನ್ನು ಆರಿಸಿ ಅಂಗಳಕ್ಕೆ ಎಸೆದಿದ್ದೆ. “ಕೋಳಿಗೆ ಹಬ್ಬ ಆತು ನೋಡ್ರಿ” ಅಂದಳು. ಆದರೆ ಕನ್ನಡಕಕ್ಕೆ ಆ ಹೆಸರಿಟ್ಟವರು ನನ್ನಂಥವರ ಬಗ್ಗೆ ಯೋಚಿಸಿಲ್ಲ. ಚಾಳೀಸ್ ಎಂದರೆ ನಲವತ್ತು. ನಲವತ್ತು ದಾಟಿದೆ ಎಂದು ಮೂಗಿನ ಮೇಲೆ ಬರೆದುಕೊಂಡು ಸಾಹೇಬರ ಮುಂದೆ ನಿಂತರೆ, ಸುತ್ತೋಲೆ ತಾನಾಗಿಯೇ ಪೆಟ್ಟಿಗೆಯಿಂದೆದ್ದು ಬರುವುದಿಲ್ಲವೇ?

ಹೀಗಿರುವಾಗ ಧಾರವಾಡದ ಕಡೆಯಿಂದ ಹೊಸ ಸಾಹೇಬರು ಬಂದರು. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕಿನ ಜನ ಒಂದೆಡೆ ಕಲೆಯಬೇಕು, ಅದಕ್ಕೆ ಗಾಳಿ ಬಂದೂಕಿನಿಂದ ಗುರಿ ಹೊಡೆಯುವ ಶರ್ಯತ್ತು ಇಡೋಣ ಅಂದರು. ನಿಜವಾದ ಬಂದೂಕುಗಳೆಲ್ಲ ಆಗಲೇ ಠಾಣೆ ಸೇರಿದ್ದವು. ಹೊಲದ ಹಕ್ಕಿ ಓಡಿಸುವ, ಛರ್ರೆ ಎಂಬ ಸೀಸದ ಸಣ್ಣ ಗುಂಡಿನ ಬಂದೂಕು ಮಾತ್ರ ಜನರ ಹತ್ತಿರ ಉಳಿದಿತ್ತು. ಮೂವತ್ತು ಅಡಿ ದೂರದಲ್ಲಿ ಕಪ್ಪು ಬೊಟ್ಟಿನ ಕಾಗದ, ಒಬ್ಬರಿಗೆ ಹತ್ತು ಛರ್ರೆ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಾಹೇಬರು ಯಾವುದೋ ಸಂಘದ ಇಂಗ್ಲಿಷ್ ನಿಯಮಾವಳಿ ತರಿಸಿ, “ರಾಯರ, ನೀವು ಸೂಕ್ಷ್ಮ ಮನಷ್ಯಾರು. ಬಂದೂಕು ತಪಾಸಣಿ ನಿಮ್ಮದು” ಅಂದರು. ಸೂಕ್ಷ್ಮ ಕಾಣದವನಿಗೆ ಸೂಕ್ಷ್ಮದ ಕೆಲಸ.

ಆ ನಿಯಮಗಳಲ್ಲಿ ಮುಕ್ಕಾಲು ಪಾಲು ಗುರಿ ನೋಡುವ ಕಂಡಿಯ ಬಗ್ಗೆ ಎಂದು ಸಾಹೇಬರೇ ಬಾಯಲ್ಲಿ ಹೇಳಿದರು. ನಳಿಗೆಯ ತುದಿಯಲ್ಲಿ ಮೊನೆ ಇರಬಹುದು, ಇಲ್ಲವೇ ಉಂಗುರ ಇರಬಹುದು. ಕಣ್ಣಿನ ಹತ್ತಿರದ ಕಂಡಿ ಸೀಳಾಗಿರಬಹುದು, ತೂತಾಗಿರಬಹುದು. ದುರ್ಬೀನು ಇರಕೂಡದು. ಮುಚ್ಚಿದ ಕಣ್ಣಿಗೆ ಪಟ್ಟಿ ಕಟ್ಟುವುದಾದರೆ ಅದು ಇಂತಿಷ್ಟೇ ಅಗಲ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ನನಗೆ ಬರುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ, ಅದಕ್ಕೇ ಇಷ್ಟನ್ನು ಬಾಯಿಪಾಠ ಮಾಡಿಕೊಂಡೆ. ಮನೆಯಲ್ಲಿ ಒಪ್ಪಿಸಿದಾಗ ಗಂಗಮ್ಮ, “ಹಾರೋದು ಛರ್ರೆ, ಇಷ್ಟೆಲ್ಲ ಕಣ್ಣಿನ ಮಾತು ಯಾಕ?” ಅಂದಳು. ನನಗೂ ಅದೇ ಅನ್ನಿಸಿತ್ತು.

ಶರ್ಯತ್ತಿನ ದಿನ ಬೆಳಗ್ಗೆ ಕಚೇರಿಯ ಹಿಂದಿನ ಬಯಲಲ್ಲಿ ಅಡಿಪಟ್ಟಿ ಹಿಡಿದು ಕುಳಿತೆ. ಅಳತೆಯ ಗೆರೆ ಕಾಣದಿದ್ದರೂ ಬೆರಳಿಟ್ಟು ನೋಡಿ ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಹತ್ತಾರು ಬಂದೂಕುಗಳು ನನ್ನ ತಲೆ ಅಲ್ಲಾಡಿದ ಬಲದ ಮೇಲೆಯೇ ಪಾಸಾದವು. ಆಮೇಲೆ ಹತ್ತಿಕುಣಿಯ ಸಾಬಣ್ಣ ಬಂದ. ಕುರಿ ಕಾಯುವ ಮನುಷ್ಯ, ಅರವತ್ತರ ಹತ್ತಿರ, ತಲೆಗೆ ಕೆಂಪು ರುಮಾಲು. ಅವನ ಬಂದೂಕಿನ ಕಂಡಿಯ ಜಾಗದಲ್ಲಿ ನಡುವೆ ತೂತಿರುವ ಹಳೆಯ ಪೈಸೆಯೊಂದನ್ನು ಅರಗಿನಿಂದ ಅಂಟಿಸಿತ್ತು. ತೂತಿಗೆ ಅಡ್ಡಿ ಇಲ್ಲ ಎಂದು ತಲೆ ಅಲ್ಲಾಡಿಸಲಿದ್ದೆ, ಅಷ್ಟರಲ್ಲಿ ಹಿಂದಿನಿಂದ ಸುರಪುರದ ಹಣಮಂತ್ರಾಯ ಕೂಗಿದ. ಮೂರು ತಾಲೂಕಿನಲ್ಲಿ ಗುರಿಕಾರನೆಂದರೆ ತಾನೇ ಎಂದು ಮೀಸೆಯಲ್ಲೇ ಹೇಳುವ ಮನುಷ್ಯ ಅವನು.

“ಏ ರಾಯರ, ತೂತಿನ್ಯಾಗ ಗಾಜು ಕೂಡಿಸ್ಯಾನ್ರೀ ಅಂವ! ಕಾಣವಲ್ದೇನು ನಿಮಗ?”

ಕಾಣುತ್ತಿರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ್ದು ಸಾಹೇಬರ ಎದುರಿಗೆ.

“ನನ್ನ ಚಾಳೀಸಿನ ತುಂಡ್ರೀ ಅದು,” ಎಂದ ಸಾಬಣ್ಣ. “ಟಗರು ತುಳದು ಪುಡಿ ಮಾಡ್ತು. ಉಳದದ್ದು ಇಷ್ಟ. ಇದಿಲ್ದ ಮುಂದಿನ ಮೊನಿ ಕಾಣಂಗಿಲ್ರಿ.”

“ಬಂದೂಕಿಗೂ ವಯಸ್ಸಾತೇನೋ ಮಾರಾಯ?” ಎಂದು ಹಣಮಂತ್ರಾಯ ನಕ್ಕ. ಸಾಹೇಬರು ನಗಲಿಲ್ಲ. “ರಾಯರ, ನಿಯಮ ಏನದ, ಓದಿ ಹೇಳ್ರಿ” ಅಂದರು.

ನಿಯಮದ ಕಾಗದ ನನ್ನ ಕೈಯಲ್ಲಿತ್ತು. ಕಾರ್ಬನ್ನಿನ ಮೂರನೆಯ ಪ್ರತಿ. ಟೈಪು ಮಾಡಿದವನಿಗೂ ಕೊನೆಗೆ ದಣಿವಾಗಿತ್ತೆಂದು ಕಾಣುತ್ತದೆ, ಕೆಳಕೆಳಗೆ ಹೋದಂತೆ ಬರೀ ನೆರಳು. ಕೆಮ್ಮಿದೆ. ಬಿಸಿಲಿಗೆ ತಿರುಗಿದೆ. ಇನ್ನೊಮ್ಮೆ ಕೆಮ್ಮಿದೆ. ಪಕ್ಕದ ಮೇಜಿನ ಗಾಯಕರನ್ನು ಕಣ್ಣಲ್ಲೇ ಹುಡುಕಿದೆ. ಅವರು ದೂರದಲ್ಲಿ ಗುರಿಯ ಕಾಗದಕ್ಕೆ ಮೊಳೆ ಹೊಡೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿ ಹತ್ತು ಜನರ ಮುಂದೆ ಕರಗುತ್ತಿತ್ತು. ಹೊತ್ತು ಕಳೆಯಲೆಂದು, “ಮೊದಲು ಗಾಜು ಹೌದೋ ಅಲ್ಲೋ ನೋಡಬೇಕು” ಎಂದು ಬಂದೂಕನ್ನು ಮೊಣಕಾಲ ಮೇಲಿಟ್ಟು ಪೈಸೆಗೆ ಕಣ್ಣು ಹಚ್ಚಿದೆ. ಕೈಯಲ್ಲಿದ್ದ ಕಾಗದ ಅದರ ಆಚೆ ಬದಿಗೆ ಬಂತು.

ಅಕ್ಷರಗಳು ಎದ್ದು ನಿಂತವು.

ವರ್ಷದ ಮೇಲೆ ಊರಿಗೆ ಬಂದ ನೆಂಟರನ್ನು ಕಂಡಂತಾಯಿತು. ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಬಂದೂಕನ್ನು ಸಾಲಿನಿಂದ ಸಾಲಿಗೆ ಸರಿಸುತ್ತ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳತೊಡಗಿದೆ: “ಬಂದೂಕಿನ ಮೇಲೆ ಯಾವ ಬಗೆಯ ಗಾಜೂ ಇರಕೂಡದು!” ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಾಣುತ್ತಿದೆಯಲ್ಲ, ಹೇಗೆ ನಿಲ್ಲಿಸುವುದು? ನೆರಳಿನಂತಿದ್ದ ಕೊನೆಯ ಸಾಲನ್ನೂ ಬಿಡಲಿಲ್ಲ: “ಆದರೆ ಗುರಿಕಾರನು ತನ್ನ ಮುಖಕ್ಕೆ ಚಷ್ಮಾ ಧರಿಸಬಹುದು!”

ತಲೆ ಎತ್ತಿದರೆ ಬಯಲಿನ ಕಣ್ಣೆಲ್ಲ ನನ್ನ ಮೇಲೆ. ಬಂದೂಕಿಗೆ ಗಾಜು ಇರಕೂಡದೆಂಬ ನಿಯಮವನ್ನು ತಪಾಸಣೆಯ ಅಧಿಕಾರಿ ಬಂದೂಕಿನ ಗಾಜಿನಿಂದಲೇ ಓದಿ ಮುಗಿಸಿದ್ದ.

ಸಾಬಣ್ಣ ಮೆಲ್ಲಗೆ ಕೇಳಿದ, “ರಾಯರ, ನಿಮಗೂ ಬೇಕಾಗಿತ್ತೇನ್ರಿ?”

ನಾನು ಬಂದೂಕನ್ನು ಅವನ ಕೈಗೆ ಕೊಟ್ಟೆ. ಅವನು ಚಾಕುವಿನಿಂದ ಅರಗು ಕೆತ್ತಿ ಪೈಸೆ ತೆಗೆದು, ರುಮಾಲಿನ ಅಂಚಿಗೆ ಸಿಕ್ಕಿಸಿ ಬಲಗಣ್ಣಿನ ಮುಂದೆ ಇಳಿಬಿಟ್ಟ. “ಈಗ ಮಾರಿ ಮ್ಯಾಲ ಬಂತ್ರಿ.” ಹಣಮಂತ್ರಾಯ, “ಇದು ಚಷ್ಮಾನೇನ್ರೀ? ನ್ಯಾಯ ಹೇಳ್ರಿ!” ಎಂದು ಎಗರಾಡಿದ. ಹೇಗೂ ಮನೆಗೆ ಹೋಗುವವನು ನಾನು. ಜನ್ಮದಲ್ಲಿ ಮೊದಲ ಸಲ ಯಾರನ್ನೂ ಕೇಳದೆ, “ಚಷ್ಮಾನೇ. ನಾನು ನೋಡೀನಿ” ಅಂದೆ. ಹಣಮಂತ್ರಾಯನೇ ಮೊದಲ ಬಹುಮಾನ ಗೆದ್ದದ್ದರಿಂದ ತಕರಾರು ಅಲ್ಲಿಗೇ ನಿಂತಿತು. ಸಾಬಣ್ಣ ಎರಡನೆಯವನಾದ. ಹೊರಡುವಾಗ ಪೈಸೆಯನ್ನು ನನ್ನ ಅಂಗೈಯಲ್ಲಿಟ್ಟು, “ಇಟ್ಗೋರಿ. ನನಗ ಸುಗ್ಗ್ಯಾಗ ಅಷ್ಟ ಬಂದೂಕು, ನಿಮಗ ದಿನಾ ಕಾಗದ” ಅಂದ. ಬಹುಮಾನ ಕೊಟ್ಟವರ ಕೈಯಲ್ಲೂ ಅವನ ಕೈಯಷ್ಟು ಧಾರಾಳ ಇರಲಿಲ್ಲ.

ಮರುದಿನ ಸಾಹೇಬರು ಕರೆದರು. ಹೋಗುವ ಮೊದಲು ಮೇಜಿನ ಖಾನೆಯನ್ನು ಖಾಲಿ ಮಾಡಿಯೇ ಹೋದೆ. ಅವರು ತಲೆ ಎತ್ತದೆ ಹೇಳಿದರು: “ನಿಮಗ ಓದಾಕ ಬರಂಗಿಲ್ಲ ಅನ್ಕೊಂಡಿದ್ದೆ ರಾಯರ. ನಿನ್ನೆ ಇಂಗ್ಲಿಷ್ ಓದಿ ಕನ್ನಡದಾಗ ಏನು ಪಟಪಟ ಹೇಳಿದ್ರಿ! ಯಾದಗಿರಿಗೆ ಹೋಗಿ ಒಂದು ಚಾಳೀಸು ಮಾಡಿಸ್ಕೊಂಡು ಬರ್ರಿ.” ಅಷ್ಟೇ. ಇಷ್ಟು ದಿನದ ಹೆದರಿಕೆಗೆ ಇಷ್ಟು ಸಣ್ಣ ಕೊನೆಯೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು.

ಚಾಳೀಸು ಬಂದ ದಿನ ಗಂಗಮ್ಮನ ಎದುರಿಗೆ ಪೆಟ್ಟಿಗೆಯ ತಳದಿಂದ ಸುತ್ತೋಲೆ ತೆಗೆದೆ. ಓದಿದೆ. ಇಪ್ಪತ್ತು ವರ್ಷ ಸೇವೆ ಮುಗಿಸಿದವರಿಗೆ ಇದು ಅನ್ವಯಿಸುವುದಿಲ್ಲ ಎಂದು ಎರಡನೆಯ ಸಾಲಿನಲ್ಲೇ ಇತ್ತು. ಗಂಗಮ್ಮ, “ಇದಕ್ಕೇನ್ರಿ ನನ್ನ ಜ್ವಾಳ ಕೋಳಿಗೆ ಹಾಕಿದ್ದು?” ಎಂದು ಒಳಗೆ ಹೋದಳು. ನಾನು ದೀರ್ಘವಾಗಿ ಉಸಿರುಬಿಟ್ಟು ಕಾಗದ ಮಡಚುತ್ತಿದ್ದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದ ನಾಲ್ಕು ಸಾಲು ಇನ್ನೂ ಇರುವುದು ಆಗ ಕಂಡಿತು.

ಚಾಳೀಸು ತೆಗೆದು ಡಬ್ಬಿಯಲ್ಲಿಟ್ಟೆ.