ನೀಲಿ ಪರದೆಯ ಲಗ್ನಪತ್ರಿಕೆ

ಹನ್ನೆರಡು ವರ್ಷಗಳ ಹಿಂದೆ, ತನ್ನ ಮದುವೆಯ ಪಂಕ್ತಿಯಲ್ಲಿ ಎಲೆಗೆ ನಾಲ್ಕನೆಯ ಹೋಳಿಗೆ ಬೀಳುತ್ತಿದ್ದಂತೆ, ಶಂಕರಲಿಂಗ ಮಾವ ಮಹಾರುದ್ರಪ್ಪನವರಿಗೆ ಮಾತು ಕೊಟ್ಟಿದ್ದ: "ಪೂನಂ ಲಗ್ನದ ಪತ್ರಿಕಿ ನಾನೇ ಛಾಪಿಸಿ ಕೊಡ್ತೀನ್ರಿ ಮಾವಾರ." ನಾದಿನಿ ಪೂನಂ ಆಗ ಫ್ರಾಕು ತೊಡುತ್ತಿದ್ದಳು; ಮಾತು ಹೋಳಿಗೆಯಷ್ಟೇ ಸಲೀಸಾಗಿ ಹೊರಬಂದಿತ್ತು.

2003ರಲ್ಲಿ ಅವಳ ಲಗ್ನ ಕೂಡಿಬಂತು. ಬಸವಕಲ್ಯಾಣದ ಅವನ ಡಿ.ಟಿ.ಪಿ. ಅಂಗಡಿಯಲ್ಲಿ, ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಒಳಬರುವಷ್ಟು ಗೌರವಸ್ಥ ಕಂಪ್ಯೂಟರ್ ಇತ್ತು. ಹಿಂದಿನ ದಿನವಷ್ಟೇ ಹೊಸ ಪ್ರಿಂಟರೂ ಬಂದಿತ್ತು. ಅಂದೇ ಸಂಜೆ ಐದರ ಬಸ್ಸಿಗೆ ಪತ್ರಿಕೆಗಳು ಮಂಠಾಳದ ಬೀಗರಿಗೆ ಹೋಗಬೇಕು. ಮುಂಜಾನೆ ಪ್ರಿಂಟ್ ಒತ್ತಿದ. ಪರದೆ ನೀಲಿಯಾಗಿ, ಬಿಳಿ ಅಕ್ಷರಗಳಲ್ಲಿ ಏನೋ ಬೈದು ಬಂದ್ ಬಿತ್ತು. ಮತ್ತೆ ಹಚ್ಚಿದ, ಮದುಮಗನಂತೆ ಕಳೆಕಳೆಯಾಗಿ ಎದ್ದಿತು. ಪ್ರಿಂಟ್ ಒತ್ತಿದ, ಮತ್ತೆ ನೀಲಿ.

"ಧೂಳ ಕುಂತದ ಶಂಕ್ರಣ್ಣಾ, ಬ್ರಶ್ ಹೊಡಿ," ಎಂದ ಪಕ್ಕದ ಗಡಿಯಾರ ರಿಪೇರಿಯ ಖಾಜಾ. ಹೊಡೆದ. ಧೂಳು ಖಾಜಾನ ಮೂಗಿಗೆ ಹೋಯಿತು, ನೀಲಿ ಹೋಗಲಿಲ್ಲ.

"ಗರಮ್ ಆಗ್ಯಾದಪ್ಪಾ, ಪಂಖಾ ಹಚ್ಚು," ಎಂದಳು ಎದುರುಮನೆಯ ಶಕುಂತಲಾಬಾಯಿ. ಹಚ್ಚಿದ. ಕಂಪ್ಯೂಟರ್ ತಂಪಾಗಿ ನೀಲಿಯಾಯಿತು.

ಕೊನೆಗೆ ಹುಮನಾಬಾದಿನಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಗೆಳೆಯ ಬಿಲಾಲನಿಗೆ ಫೋನ್ ಮಾಡಿದ.

"ಪ್ರಿಂಟ್ ಬಿಟ್ಟು ಉಳಿದ ಕೆಲಸ ಮಾಡ್ತದ?"

"ಮಾಡ್ತದ."

"ಹಂಗಾದ್ರ ಪ್ರಿಂಟರಿನ ಡ್ರೈವರ್ ಖರಾಬ್. ಪ್ರಿಂಟರಿನ ಜೋಡಿ ಬಂದ ಸಿಡಿ ತೊಗೊಂಡು ಬಾ."

ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಮುಟ್ಟಿಸುವ ಮಧ್ಯಸ್ಥ. ಮಧ್ಯಸ್ಥ ಕೆಟ್ಟರೆ ಸಂಬಂಧ ಏನಾಗುತ್ತದೆಂದು ಮದುವೆಯಾದವರಿಗೆ ಹೇಳಬೇಕಿಲ್ಲ.

ಹುಮನಾಬಾದಿನಲ್ಲಿ ಬಿಲಾಲ್ ಸಿಡಿ ತಿರುವಿ ನೋಡಿ ಹಣೆ ಬಡಿದುಕೊಂಡ. "ಈ ಮೂರು ಗೀರು ಏನು?"

"ನಿನ್ನಿ ಪೂಜಾ ಮಾಡಿ ವಿಭೂತಿ ಹಚ್ಚೀನಿ. ಹೊಳಿಯೋ ಕಡಿ."

"ಅರೆ ಭಾಯಿ, ಅದೇ ಓದೋ ಕಡಿ! ನಿನ್ನ ಮಿಷನ್ನಿನ್ಯಾಗ ಅರ್ಧ ಡ್ರೈವರ್ ಇಳದದ, ಅರ್ಧ ವಿಭೂತಿ."

ಬಿಲಾಲ್ ತನ್ನಲ್ಲಿದ್ದ ಅದೇ ಪ್ರಿಂಟರಿನ ಸಿಡಿ ಕೊಟ್ಟ. ಜೊತೆಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಂಟು. "ನಿಮ್ಮೂರ ಪಾರ್ಟಿದು. ಸ್ಟ್ಯಾಂಡಿನ್ಯಾಗ ನಿಂತಿರ್ತಾರ, ಕೊಟ್ಬಿಡು."

ಬಸ್ಸಿನುದ್ದಕ್ಕೂ ಗಂಟನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ನಾಲ್ಕಕ್ಕೆ ಬಸವಕಲ್ಯಾಣದಲ್ಲಿ ಇಳಿದರೆ ಸ್ವತಃ ಮಾವ ನಿಂತಿದ್ದರು! ಅಳಿಯನಿಗಾಗಿ ಮಾವ ಸ್ಟ್ಯಾಂಡಿಗೆ ಬಂದದ್ದು ಹನ್ನೆರಡು ವರ್ಷಗಳಲ್ಲಿ ಇದೇ ಮೊದಲು. ಶಂಕರಲಿಂಗ ಉಬ್ಬಿದ.

"ಸಿಡಿ ಸಿಕ್ತ್ರಿ ಮಾವಾರ! ಈಗ ಛಾಪಿಸಿ ಒಗಿತೀನಿ!"

"ಛಾಪಿಸೀರಂತ. ಮೊದಲ ಆ ಗಂಟು ಇತ್ತ ಕೊಡ್ರಿ. ನಿಮ್ಮ ಮಿಷನ್ ಮಲಗ್ಯಾದಂತ ಖಾಜಾ ಮುಂಜಾನೆನೇ ಬಂದು ಹೇಳಿ, ಬಿಲಾಲನ ನಂಬರೂ ಕೊಟ್ಟ. ಬಿಲಾಲಗ ಫೋನ್ ಹಚ್ಚಿ ಅಲ್ಲೇ ಪೂನಂ ಪತ್ರಿಕಿ ಮಾಡ್ಸೀನಿ."

ಪೇಪರು ಹರಿದು, ಪತ್ರಿಕೆಗಳನ್ನು ಮೆಲ್ಲಗೆ ತಿರುವಿ, ಮಾವ ಮೆಚ್ಚಿ ತಲೆಯಾಡಿಸಿದರು. "ಛಂದ ತಂದೀರಿ. ಒಂದೂ ಮುದುಡಿಲ್ಲ."

ಐದರ ಬಸ್ಸಿಗೆ ಪತ್ರಿಕೆಗಳು ಮಂಠಾಳಕ್ಕೆ ಹೋದವು. ಶಂಕರಲಿಂಗ ಕೊಟ್ಟ ಮಾತು ಮುರಿಯಿತು.